ಅತ್ತಿಯ ಹಗ್ಗ, ಸಾಯಲೊಲ್ಲದ ಮುದುಕ

"ಇನ್ನಾ ಒಣಗಿಲ್ಲೇನ ಇದು?"

ದಿನಾ ಸಂಜೆ ಬ್ಯಾಂಕಿನಿಂದ ಬಂದು, ಬೂಟು ಬಿಚ್ಚಿಟ್ಟು, ಒಳಕೋಣೆಗೆ ಕಾಲಿಡುವಾಗ ಮಾವ ಕೇಳುತ್ತಿದ್ದ ಪ್ರಶ್ನೆ ಇದು. ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ನೀಲಿ ನೈಲಾನ್ ಹಗ್ಗ. ಹಗ್ಗದ ಮೇಲೆ ಬಟ್ಟೆ ಇರುತ್ತಿರಲಿಲ್ಲ, ಅತ್ತಿಯ ಕಾದಂಬರಿ ಇರುತ್ತಿತ್ತು. ಹಳೆ ಕ್ಯಾಲೆಂಡರಿನ ದಪ್ಪ ಹಾಳೆಗಳನ್ನು ಅಂಗೈ ಅಗಲ ಕತ್ತರಿಸಿ, ಒಂದೊಂದರ ಬೆನ್ನಿಗೆ ಒಂದೊಂದು ಅಧ್ಯಾಯದಲ್ಲಿ ಏನು ಆಗಬೇಕು ಅನ್ನೋದನ್ನು ಎರಡು ಸಾಲಲ್ಲಿ ಬರೆದು, ಬಟ್ಟೆಗೆ ಹಾಕುವ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಸಾಲಾಗಿ ಸಿಗಿಸಿದ್ದಳು. ಕಥೆಯಲ್ಲಿ ಹಿಂದಿನದು ಮುಂದಾಗಬೇಕಾದರೆ ಕ್ಲಿಪ್ಪು ತೆಗೆದು ಆಚೆ ಹಾಕಿದರಾಯಿತು. ಯಾವ ಅಧ್ಯಾಯದಲ್ಲಿ ಯಾರ ಜೋರು ನಡೆಯುತ್ತದೋ ಅವರ ಬಣ್ಣದ ಕ್ಲಿಪ್ಪು. ಮನೆಯಲ್ಲಿ ಚಾದರಗಳ ದೊಡ್ಡ ಒಗೆತ ಬಿದ್ದ ದಿನ ಮಾತ್ರ ಕ್ಲಿಪ್ಪು ಸಾಲದೆ, ಕಥಾನಾಯಕಿಯನ್ನು ತಾತ್ಕಾಲಿಕವಾಗಿ ನೆಲಕ್ಕೆ ಇಳಿಸಿ ಅವಳ ಹಸಿರು ಕ್ಲಿಪ್ಪು ಚಾದರಕ್ಕೆ ಹೋಗುತ್ತಿತ್ತು.

ಅತ್ತಿ ಗಿಡ್ಡ. ಹಿಟ್ಟಿನ ಡಬ್ಬಿ ಇಳಿಸಲಿಕ್ಕೂ ಸ್ಟೂಲು ಬೇಕು. ಮಾವ ಬಾಗಿಲಿಗೆ ಬಗ್ಗಿ ಬರುವಷ್ಟು ಎತ್ತರ. ಹಗ್ಗ ಅತ್ತಿಯ ಕೈಗೆ ಎಟಕುವ ಹಾಗೆ ಕೆಳಗೆ ಕಟ್ಟಿದ್ದರಿಂದ, ಕಾದಂಬರಿಯ ಅಷ್ಟೂ ಅಧ್ಯಾಯಗಳು ದಿನಾ ಅವರ ಬೋಳು ತಲೆಯನ್ನು ಸವರಿಯೇ ಮುಂದೆ ಹೋಗಬೇಕಿತ್ತು. ಸಾಹಿತ್ಯದ ಜೊತೆ ಮಾವನ ಸಂಬಂಧ ಅಷ್ಟೇ ಅಂತ ನಾವೆಲ್ಲ ತಿಳಿದಿದ್ದೆವು.

ನಮ್ಮದು ಮೂಲ ಬೀದರ ಜಿಲ್ಲೆ. ಅಪ್ಪ ನಾಸಿಕದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮಾಲೇಗಾಂವದ ಮಗ್ಗದ ಬಟ್ಟೆ ತಂದು ಮಾರುತ್ತಿದ್ದರು. ಅತ್ತಿ ಅಪ್ಪನ ತಂಗಿ. ಮಾವ ಬ್ಯಾಂಕಿನ ಆಫೀಸರು, ಅಂದರೆ ಮೂರು ವರ್ಷಕ್ಕೊಂದು ಊರು. ಹಿಂದೆ ಮೂರು ವರ್ಷ ನಾಸಿಕದಲ್ಲೇ ನಮ್ಮ ಓಣಿಯಲ್ಲೇ ಇದ್ದರು. ಆಮೇಲೆ ಔರಂಗಾಬಾದಿಗೆ ಬಂದರು. ಅರ್ಧ ಜನ ಈಗ ಸಂಭಾಜಿನಗರ ಅನ್ನತೊಡಗಿದ್ದಾರೆ, ಬಸ್ಸಿನ ಬೋರ್ಡು ಮಾತ್ರ ಇನ್ನೂ ಒಪ್ಪಿಲ್ಲ. ಇನ್ನು ನಾನು, ನಾಸಿಕದ ಕಾಲೇಜುಗಳೆಲ್ಲ ನನ್ನ ಮಾರ್ಕು ನೋಡಿ ಕೈ ಮುಗಿದ ಮೇಲೆ, ಬಿ.ಕಾಂ ಓದಲಿಕ್ಕೆ ಅತ್ತಿಯ ಮನೆ ಸೇರಿದೆ. ಮೂರು ನಾಲ್ಕು ವರ್ಷದ ಹಿಂದಿನ ಮಾತು.

ಅತ್ತಿಗೆ ಒಂದು ನಂಬಿಕೆ ಇತ್ತು. ಒಂದು ಮನೆಯಲ್ಲಿ ಸುರು ಮಾಡಿದ ಕಾದಂಬರಿ ಇನ್ನೊಂದು ಮನೆಯಲ್ಲಿ ಮುಗಿಯುವುದಿಲ್ಲ. ನಂಬಿಕೆ ಅನ್ನುವುದಕ್ಕಿಂತ ಅನುಭವ. ನಾಸಿಕದಲ್ಲಿದ್ದಾಗ ಒಂದನ್ನು ಅರ್ಧಕ್ಕಿಂತ ಹೆಚ್ಚು ಬರೆದಿದ್ದಳು. ಅಷ್ಟರಲ್ಲಿ ಮಾವನಿಗೆ ವರ್ಗ ಆಯಿತು. ಹಗ್ಗವನ್ನು ಚೀಟಿ ಸಮೇತ ಹುಷಾರಾಗಿ ಸುತ್ತಿ, ದೇವರ ಫೋಟೋಗಳ ನಡುವೆ ಇಟ್ಟು, ಲಾರಿಯಲ್ಲಿ ತಂದು, ಹೊಸ ಮನೆಯಲ್ಲಿ ಮತ್ತೆ ಕಟ್ಟಿದರೆ, "ಒಬ್ಬರೂ ಬಾಯಿ ಬಿಡವಲ್ರು. ಅವರು ನಾಸಿಕದಾಗೇ ಉಳದ್ರು ನೋಡು," ಅನ್ನುತ್ತಿದ್ದಳು, ಸತ್ತ ನೆಂಟರ ಬಗ್ಗೆ ಹೇಳುವ ಹಾಗೆ. ಅದಕ್ಕೂ ಹಿಂದಿನ ಊರಿನಲ್ಲಿ ಇನ್ನೊಂದಕ್ಕೆ ಹೀಗೇ ಆಗಿತ್ತಂತೆ. ಈಗಿನದು ಮೂರನೆಯದು. ಔರಂಗಾಬಾದಿನಲ್ಲಿ ಮೂರನೇ ವರ್ಷ ನಡೆಯುತ್ತಿತ್ತು. ಅವಳ ಕಥೆಗಳನ್ನು ಓದಿ ಮೆಚ್ಚಿದ್ದ ಕಲಬುರಗಿಯ ಪ್ರಕಾಶಕರೊಬ್ಬರು, "ಒಂದು ಕಾದಂಬರಿ ಕೊಡಿ, ಅಚ್ಚು ಹಾಕುತ್ತೇನೆ" ಅಂದಿದ್ದರು. ಮಾವನ ಕೈಗೆ ವರ್ಗದ ಆರ್ಡರ್ ಬರುವುದು ಮೊದಲೋ, ಅತ್ತಿಯ ಕೊನೆಯ ಪುಟ ಮೊದಲೋ? ಆ ವರ್ಷ ಮನೆಯಲ್ಲಿ ನಡೆದ ಓಟ ಅದೊಂದೇ. ನನ್ನ ಪರೀಕ್ಷೆ ಲೆಕ್ಕಕ್ಕೇ ಇರಲಿಲ್ಲ, ನನಗೂ ಅದೇ ಬೇಕಿತ್ತು.

ಕಥೆ ಇಷ್ಟು. ಬೀದರ ಕಡೆಯ ಒಂದು ಪೇಟೆ. ಅಲ್ಲೊಂದು ಬಟ್ಟೆ ಅಂಗಡಿ. ಅಂಗಡಿಯ ಮಾಲೀಕ ಒಬ್ಬ ಉದ್ದನೆಯ ಮುದುಕ. ಅವನ ಮೊಮ್ಮಗಳಿಗೆ ಅಂಗಡಿ ತಾನೇ ನಡೆಸಬೇಕು ಅನ್ನುವ ಹಟ. ಮುದುಕ ಕೀಲಿ ಬಿಡಲೊಲ್ಲ. ಬಾಗಿಲ ಪಕ್ಕ ತನಗೆ ಮಾತ್ರ ಎಟಕುವ ಎತ್ತರದ ಮೊಳೆಗೆ ತೂಗುಹಾಕಿರುತ್ತಾನೆ. ಹದಿನಾಲ್ಕನೇ ಅಧ್ಯಾಯದಲ್ಲಿ ಮುದುಕ ಸಾಯಬೇಕು, ಕೀಲಿ ಹುಡುಗಿಯ ಕೈಗೆ ಬರಬೇಕು. ಅಲ್ಲಿಂದ ಮುಂದೆ ಅಂಗಡಿಯೂ ಅವಳದು, ಕಾದಂಬರಿಯೂ ಅವಳದು. ಹದಿನಾಲ್ಕನೇ ಚೀಟಿಯ ಮೇಲೆ ಮೊದಲ ದಿನದಿಂದಲೂ ಅದೇ ಇತ್ತು: "ಮುದುಕ ಹೋಗುವನು."

ಅತ್ತಿ ಮೇಜು ಕುರ್ಚಿ ಹಾಕಿಕೊಂಡು ಬರೆದವಳಲ್ಲ. ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು, ತೊಡೆಯ ಮೇಲೆ ಪರೀಕ್ಷೆಯ ರಟ್ಟು ಇಟ್ಟುಕೊಂಡು, ಬೇಳೆಗೆ ಕುಕ್ಕರ್ ಏರಿಸಿ ಬರೆಯಲು ಸುರು ಮಾಡುತ್ತಿದ್ದಳು. ಸೀಟಿ ಹೊಡೆದರೆ ನಿಲ್ಲಿಸಿಬಿಡಬೇಕು. ವಾಕ್ಯ ಅರ್ಧ ಆಗಿದ್ದರೂ ಸರಿ.

"ಒಂದು ವಾಕ್ಯ ಮುಗಿಸಿ ಏಳಬಾರದೇನ ಅತ್ತಿ?" ಅಂತ ಕೇಳಿದರೆ, "ಮುಗಿಸಿದ್ರ ನಾಳೆ ಎಲ್ಲಿಂದ ಹಿಡೀಲಿ? ಅರ್ಧಾ ಬಿಟ್ಟಿದ್ದು ಮುಂಜಾನೆದ್ದು ತಾನಽ ಕರೀತದ," ಅನ್ನುತ್ತಿದ್ದಳು. ಕಥೆಯನ್ನು ಬರೆಯುವ ಮೊದಲು ಯಾರಿಗೂ ಬಾಯಲ್ಲಿ ಹೇಳುತ್ತಿರಲಿಲ್ಲ. ಹೇಳಿದರೆ ಉಗಿ ಹೋಗುತ್ತದಂತೆ. ಅವಳ ಸಾಹಿತ್ಯ ಸಿದ್ಧಾಂತ ಎಲ್ಲವೂ ಕುಕ್ಕರಿನಿಂದಲೇ ಬಂದದ್ದು.

ಕಥೆಯ ಮನೆಯಲ್ಲಿ ಯಾವ ಬಾಗಿಲು ಎತ್ತ ಇದೆ ಅನ್ನುವುದು ಮರೆಯದಿರಲಿ ಅಂತ ಬಾಗಿಲ ಮುಂದಿನ ಗ್ಯಾಲರಿಯ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಆ ಅಂಗಡಿಯ ನಕ್ಷೆ ಬಿಡಿಸಿದ್ದಳು. ಮುದುಕ ಅಂದರೆ ಹುಣಸೆ ಬೀಜ, ಮೊಮ್ಮಗಳು ಅಂದರೆ ಕಡಲೆಕಾಳು, ಕೀಲಿ ತೂಗುವ ಮೊಳೆ ಒಂದು ಕುಂಕುಮದ ಚುಕ್ಕೆ. ಪಕ್ಕದ ಮನೆಯ ಮರಾಠಿ ಕಾಕೂ ಇಣುಕಿ ನೋಡಿ, ಇವತ್ತು ನಿಮ್ಮಲ್ಲಿ ಏನು ಹಬ್ಬ ವಹಿನಿ ಅಂತ ಮರಾಠಿಯಲ್ಲಿ ಕೇಳಿದರು. ಅತ್ತಿ ನಾಚಿ, "ನಮ್ಮ ಕಡೀದು ಅದ ಒಂದು," ಅಂದಳು. ಮರುದಿನ ಕಾಕೂ ತಮ್ಮ ಬಾಗಿಲ ಮುಂದೂ ಒಂದು ಬಟ್ಟೆ ಅಂಗಡಿ ಬಿಡಿಸಿ, ಮೇಲೊಂದು ಹೂವಿಟ್ಟಿದ್ದರು.

ಈಗ ನನ್ನ ವಿದ್ಯೆಯ ಬಗ್ಗೆ. ಇದ್ದದ್ದು ಒಂದೇ: ಇನ್ನೊಬ್ಬರ ಹಾಗೆ ಮಾತಾಡುವುದು. ನಾಸಿಕದ ಸ್ಟ್ಯಾಂಡಿನಲ್ಲಿ ಜೀಪಿನ ಬಾಗಿಲಿಗೆ ಜೋತು "ತ್ರ್ಯಂಬಕ್ ತ್ರ್ಯಂಬಕ್ ತ್ರ್ಯಂಬಕ್" ಅಂತ ಒಂದೇ ಉಸಿರಿಗೆ ಒದರುವವ, ತ್ರ್ಯಂಬಕೇಶ್ವರದಲ್ಲಿ ಮಂತ್ರದ ನಡುವೆಯೇ ಇವತ್ತು ಯಾವ ಪಲ್ಯ ಅಂತ ಮನೆಗೆ ಹೇಳಿ ಕಳಿಸುವ ಗುರುಗಳು, ಗಿರಾಕಿಯ ಮುಂದೆ ಬೆಣ್ಣೆ, ನನ್ನ ಮುಂದೆ ಬೆತ್ತ ಆಗುವ ಅಪ್ಪನ ಎರಡು ದನಿ, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಮಾಲಕನದೇ ದನಿ ಎಲ್ಲಿ ಮಲಗಿತ್ತೋ ಗೊತ್ತಿಲ್ಲ. ಅದರಲ್ಲೂ ನನ್ನ ಕನ್ನಡ ನಾಸಿಕದಲ್ಲಿ ಬೆಳೆದ ಕನ್ನಡ: ಕಿವಿಗೆ ಬರುತ್ತದೆ, ಬಾಯಿಗೆ ಬರುವಷ್ಟರಲ್ಲಿ ಮರಾಠಿ ಕಾಲು ಅಡ್ಡ ಕೊಡುತ್ತದೆ. ಆದರೆ ಚೋದ್ಯ ಏನೆಂದರೆ, ಬೇರೆಯವರ ಹಾಗೆ ಮಾತಾಡುವಾಗ ಮಾತ್ರ ನನ್ನ ಕನ್ನಡ ಎಡವುತ್ತಿರಲಿಲ್ಲ.

ಅತ್ತಿಗೆ ಇದು ನಾಸಿಕದಿಂದಲೇ ಗೊತ್ತು. ಆಗೊಮ್ಮೆ ಮಗ್ಗದ ಸದ್ದು ಕೇಳಬೇಕು ಅಂತ ಅಪ್ಪನ ಜೊತೆ ಮಾಲೇಗಾಂವಕ್ಕೆ ಹೊರಟವಳು ನನ್ನನ್ನೂ ಎಳೆದುಕೊಂಡು ಹೋಗಿದ್ದಳು. "ಛಂದಂಗೆ ಕೇಳ್ಕೋ. ಮನ್ಯಾಗ ಬಂದ ಮ್ಯಾಲ ತಗೀಬೇಕು," ಅಂದಿದ್ದಳು. ವಾಪಸು ಬಂದು ವಾರಗಟ್ಟಲೆ ನಾನು ಖಟ್ಟಕ್ ಪಟ್ಟಕ್ ಖಟ್ಟಕ್ ಪಟ್ಟಕ್ ಅನ್ನುತ್ತ ಕೂತಿದ್ದೆ, ಅವಳು ಬರೆಯುತ್ತ ಕೂತಿದ್ದಳು. ಟೇಪ್‌ರೆಕಾರ್ಡರಿಗಿಂತ ಅಳಿಯ ಸಸ್ತಾ. ಉಂಡಿ ಕೊಟ್ಟರೆ ಓಡುತ್ತದೆ.

ಔರಂಗಾಬಾದಿನಲ್ಲಿ ಆ ಕೆಲಸ ಖಾಯಂ ಆಯಿತು. ಒಂದು ಮಧ್ಯಾಹ್ನ ಕರೆದಳು. "ಅಳಿಯಪ್ಪಾ, ಬಾ ಇಲ್ಲಿ. ಈ ಮಾತುಕತಿ ಓದು. ನಿನ್ನ ದನಿ ಬ್ಯಾಡ."

"ಮತ್ತ ಯಾರದು?"

"ಯಾರದರೆ ಹಚ್ಚು. ನಿಂದೊಂದು ಬಿಟ್ಟು."

ಮೊಮ್ಮಗಳಿಗೆ ನನ್ನ ಶಾಲೆಯ ಗಣಿತದ ಬಾಯಿಯವರ, ಅಂದರೆ ಟೀಚರಮ್ಮನ, ದನಿ ಹಚ್ಚಿದೆ. ಹುಡುಗಿಯ ಮಾತಿಗೆ ಒಮ್ಮೆಲೇ ಬೆನ್ನೆಲುಬು ಬಂತು. ಅವಳನ್ನು ಮೆಚ್ಚಿದ ಹುಡುಗ ಒಬ್ಬನಿದ್ದ. ಅವನಿಗೆ ಯಾರ ದನಿಯೂ ಹೊಳೆಯದೆ ನನ್ನದೇ ಕೊಟ್ಟೆ. ಅತ್ತಿ ಕೇಳಿ, "ಇಂವ ಯಾಕೋ ಸಪ್ಪಗದಾನ. ಇಂವನ್ನ ಮುಂದಿನ ಅಧ್ಯಾಯದಾಗ ಸೋಲಾಪುರಕ್ಕ ಕಳಸ್ತೀನಿ," ಅಂದಳು. ಕಳಿಸಿಯೂ ಬಿಟ್ಟಳು. ಬಡಪಾಯಿ ಮತ್ತೆ ಬರಲೇ ಇಲ್ಲ.

ಮುದುಕನ ಪಾಳಿ ಬಂದಾಗ ಯೋಚನೆ ಮಾಡಲಿಲ್ಲ. ಬಾಯಿಗೆ ಬಂದದ್ದು ಮಾವ.

ಮಾವನ ದನಿ ಮೂಗಿನಿಂದ ಸುರುವಾಗುತ್ತದೆ. ಯಾರಾದರೂ ಏನಾದರೂ ಕೇಳಿದರೆ ಮೊದಲು ಒಂದು ಉಸಿರು ಒಳಗೆ. ಆಮೇಲೆ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸುವುದು. ಅದಾದ ಮೇಲೆ, "ನೋಡೋಣು." ಸಾಲ ಕೇಳಲು ಬಂದವರಿಗೂ ನೋಡೋಣು, ಸಿನೆಮಾಕ್ಕೆ ಹೋಗೋಣ ಅಂದ ಅತ್ತಿಗೂ ನೋಡೋಣು. ಅದರೊಳಗೆ ಹೌದು ಇದೆಯೋ ಇಲ್ಲ ಇದೆಯೋ ದೇವರಿಗೂ ತಿಳಿಯದು. ಮರುದಿನ ಜೇಬಿನಿಂದ ಎರಡು ಟಿಕೀಟು ಹೊರಬಿದ್ದಾಗ, ಓಹೋ, ನಿನ್ನೆಯದು ಹೌದು ಇತ್ತು ಅಂತ ಗೊತ್ತಾಗುತ್ತಿತ್ತು.

ಕಾಗದದ ಮೇಲೆ ಮುದುಕ ಗದರುತ್ತಿದ್ದ. ನಾನು ಗದರಲಿಲ್ಲ. ಉಸಿರು ಒಳಗೆ ಎಳೆದೆ, ಇಲ್ಲದ ಕನ್ನಡಕ ಒರೆಸಿದೆ, "ಕೀಲಿ ಬೇಕೇನ ನಿನಗ? ನೋಡೋಣು," ಅಂದೆ. ಅತ್ತಿ ನಕ್ಕ ನಗೆಗೆ ಕೈಯಲ್ಲಿದ್ದ ಲಟ್ಟಣಿಗೆ ಉರುಳಿ ಬಾಗಿಲ ತನಕ ಹೋಯಿತು. "ಮತ್ತೊಮ್ಮೆ ಅನ್ನು, ಮತ್ತೊಮ್ಮೆ ಅನ್ನು," ಅನ್ನುತ್ತ ಕಣ್ಣೊರೆಸಿಕೊಂಡು, ಅಲ್ಲೇ ಮುದುಕನ ಗದರಿಕೆ ಹೊಡೆದು ಹಾಕಿ 'ನೋಡೋಣು' ಬರೆದಳು.

ಎಡವಟ್ಟು ಆದದ್ದು ಅಲ್ಲೇ. ಅಲ್ಲಿಂದ ಮುದುಕ ಬೆಳೆಯತೊಡಗಿದ. ಹಗ್ಗದ ಮೇಲೆ ಅವನ ಕೆಂಪು ಕ್ಲಿಪ್ಪುಗಳು ಹೆಚ್ಚಾದವು. ಮೊದಲು ಬರೀ ಮೊಂಡನಾಗಿದ್ದವ, ಈಗ ಮಲಗುವ ಮೊದಲು ನಳ ಬಂದ್ ಆಗಿದೆಯೋ ಇಲ್ಲವೋ ಅಂತ ಎದ್ದು ನೋಡತೊಡಗಿದ. ಗಿರಾಕಿಗಳಿಗೆ ಬಾಗಿಲ ತನಕ ಹೋಗಿ ಕೊಡೆ ಮರೆತಿರಿ ಅಂತ ನೆನಪಿಸತೊಡಗಿದ. ಕೈಲಿ ಪೇಪರು ಹಿಡಿದೇ ನಿದ್ದೆ ಹೋಗಿ, ಎಬ್ಬಿಸಿದರೆ ನಾ ಮಲಗಿಲ್ಲ ಅನ್ನತೊಡಗಿದ. ಇವೆಲ್ಲ ಎಲ್ಲಿಂದ ಬಂದವು ಅಂತ ನಾನು ಹೇಳಬೇಕಿಲ್ಲ, ಬಂದ ಜಾಗ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿತ್ತು. ಹದಿಮೂರನೇ ಅಧ್ಯಾಯದ ಹೊತ್ತಿಗೆ ಮುದುಕ ಎಷ್ಟು ಚಲೋ ಮನುಷ್ಯ ಆಗಿಬಿಟ್ಟ ಅಂದರೆ, ನನಗೇ ಅವನ ಅಂಗಡಿಗೆ ಹೋಗಿ ಒಂದು ಪೈಜಾಮದ ಬಟ್ಟೆ ತರಬೇಕು ಅನ್ನಿಸುತ್ತಿತ್ತು.

ಆಮೇಲೆ ಹದಿನಾಲ್ಕನೆಯದು ಬಂತು. ಅತ್ತಿ ಕುಕ್ಕರ್ ಏರಿಸಿದಳು, ರಟ್ಟು ಹಿಡಿದಳು, ಸೀಟಿ ಹೊಡೆಯಿತು, ಎದ್ದಳು. ಹಾಳೆ ಬಿಳಿ. ಮರುದಿನವೂ ಹಾಗೇ. ಅದರ ಮರುದಿನ ರಟ್ಟು ಹಿಡಿಯಲೇ ಇಲ್ಲ, ಚಕ್ಕಲಿ ಮಾಡಿದಳು.

"ಸಾಯಸು ಅತ್ತಿ, ಒಂದು ಸಲ ಸಾಯಿಸಿಬಿಡು. ಮುಂದಿಂದು ನೀರಿನಂಗ ಹರೀತದ," ಅಂದೆ.

"ನಿನಗೇನು ಆಗ್ತದ ಹೇಳಲಿಕ್ಕೆ. ಪೆನ್ ಎತ್ತಿದ್ರ ಅವರ ಮಾರಿ ಬಂದು ಮುಂದ ನಿಂದ್ರತದ. ಕನ್ನಡಕ ಒರಸ್ಕೋತ."

ಮುದುಕನ ಸಾವು ಬರೆಯಲಾಗದ ಅತ್ತಿ ಮಾವನ ಆರೋಗ್ಯದ ಮೇಲೆ ಬಿದ್ದಳು. ಚಹಾದ ಸಕ್ಕರೆ ನಿಂತಿತು. ಮಾವ ಮೆಟ್ಟಿಲು ಹತ್ತಿ ಬಂದರೆ ಬಾಗಿಲಲ್ಲೇ ನೀರು ಹಿಡಿದು ನಿಲ್ಲುತ್ತಿದ್ದಳು. ಬಿಸಿಲಲ್ಲಿ ಹೋಗಬೇಡಿರಿ, ಭಾರ ಎತ್ತಬೇಡಿರಿ, ಒಂದೇ ಮಗ್ಗಲಿಗೆ ಮಲಗಬೇಡಿರಿ. ಜೊತೆಗೆ ದಿನಾ ಅವರಿಗೆ ಇಷ್ಟವಾದ ಎಣ್ಣೆಗಾಯಿ ಬದನೆ. ಅಷ್ಟು ವರ್ಷದ ಸಂಸಾರದಲ್ಲಿ ಇಂಥ ಉಪಚಾರ ಕಾಣದ ಮಾವ ಮೊದಲ ವಾರ ಖುಷಿಪಟ್ಟರು, ಎರಡನೇ ವಾರ ಅನುಮಾನಪಟ್ಟರು, ಮೂರನೇ ವಾರ ನನ್ನನ್ನು ಗ್ಯಾಲರಿಗೆ ಕರೆದು, ಕಡಲೆಕಾಳು ಹುಣಸೆ ಬೀಜಗಳ ನಡುವೆ ನಿಲ್ಲಿಸಿಕೊಂಡು ಕೇಳಿದರು.

"ಖರೇ ಹೇಳು. ಆಕೀಗಿ ಡಾಕ್ಟರ್ ಏನರೆ ಹೇಳ್ಯಾರೇನ? ನನ್ನ ಬಗ್ಗೆ?"

"ಇಲ್ರಿ ಮಾವಾ! ನಿಮಗೇನಾಗ್ಯದ?"

"ಅದೇ ನಾ ಕೇಳೂದು. ನನಗೇನಾಗ್ಯದ? ನಿನ್ನೆ ನಾ ಉಣ್ಣೂಮುಂದ ನನ್ನ ನೋಡಿ ಕಣ್ಣಾಗ ನೀರು ತಂದಳು. ಬದನಿಕಾಯಿ ಅಷ್ಟೇನು ಖಾರ ಇರಲಿಲ್ಲ."

ಹೇಳಿಬಿಡಬೇಕು ಅನ್ನಿಸಿತು. ಆದರೆ ಹೇಗೆ ಹೇಳುವುದು? ನಿಮ್ಮನ್ನು ಹದಿನಾಲ್ಕನೇ ಅಧ್ಯಾಯದಲ್ಲಿ ಕೊಲ್ಲಬೇಕಾಗಿದೆ, ಅತ್ತಿಗೆ ಕೈ ಬರುತ್ತಿಲ್ಲ ಅಂತಲೇ? ಸುಮ್ಮನೆ ಉಸಿರು ಒಳಗೆಳೆದು, "ನೋಡೋಣು ರಿ," ಅಂದೆ. ಅವರದೇ ಔಷಧ ಅವರಿಗೇ ಕುಡಿಸಿದ್ದು ಅವರಿಗೆ ತಿಳಿಯಲಿಲ್ಲ. ಚಿಂತೆ ಮಾತ್ರ ಹೆಚ್ಚಾಯಿತು. ಆಮೇಲೆ, ಹೋಗುತ್ತ ಹೋಗುತ್ತ ಅಂದರು, "ಆರ್ಡರ್ ಇದೇ ತಿಂಗಳು ಬರ್ತದ ಅಂತ ಆಫೀಸಿನ್ಯಾಗ ಸುದ್ದಿ ಅದ. ಆಕೀಗಿ ಹೇಳಬ್ಯಾಡ. ಆ ಒಣಗಲಾರದ್ದು ಅಷ್ಟರಾಗ ಒಣಗ್ತದೇನ ನೋಡು."

ಅವರಿಗೆ ಹಗ್ಗದ ಮೇಲಿನದು ಬಟ್ಟೆಯಲ್ಲ ಅಂತ ಗೊತ್ತಿತ್ತು. ಅತ್ತಿಯ ಓಟವೂ ಗೊತ್ತಿತ್ತು.

ನಾನು ಹೇಳದೆ ಇರುವವನೇ? ಐದು ನಿಮಿಷದಲ್ಲಿ ಅತ್ತಿಯ ಕಿವಿಗೆ ಮುಟ್ಟಿಸಿದೆ. ಅವಳ ಮುಖ ನಾಸಿಕದ ಮನೆಗೆ ಬೀಗ ಹಾಕಿದ ದಿನದ ಹಾಗಾಯಿತು. "ಇದೂ ಹೋಯ್ತು ಹಂಗಾರ," ಅಂದಳು.

"ಮುದುಕನ ದನಿ ಬದಲು ಮಾಡಿ ಓದ್ತೀನಿ. ಬ್ಯಾರೆಯವರ ದನ್ಯಾಗ ಸತ್ತರ ನಿನಗ ತ್ರಾಸ ಆಗಂಗಿಲ್ಲ," ಅಂತ ಉಪಾಯ ಹೇಳಿದೆ. ತ್ರ್ಯಂಬಕದ ಗುರುಗಳ ದನಿಯಲ್ಲಿ ಸತ್ತೆ. "ಇಂವ ಸಾಯೂದಿಲ್ಲ, ನಡುವ ಊಟಕ್ಕ ಏಳ್ತಾನ," ಅಂದಳು. ಜೀಪಿನವನ ದನಿಯಲ್ಲಿ ಸತ್ತೆ. ಸ್ವರ್ಗಕ್ಕೆ ಇನ್ನೊಂದೇ ಸೀಟು ಖಾಲಿ ಅಂದ ಹಾಗಾಯಿತು. ನಮ್ಮ ಅಪ್ಪನ ಎರಡೂ ದನಿಯಲ್ಲಿ ಸತ್ತೆ. ಅತ್ತಿ ತಲೆ ಅಲ್ಲಾಡಿಸಿದಳು. "ಅಂವ ಇವರು ಯಾರೂ ಅಲ್ಲ. ಅಂವ ಅಂವನೇ ಆಗ್ಯಾನ ಈಗ."

ಅಷ್ಟರಲ್ಲಿ ಬೀದರದಿಂದ ನೆಂಟರು ಬಂದರು. ಔರಂಗಾಬಾದಿನಲ್ಲಿ ಇರುವ ಕನ್ನಡದ ಮನೆಗಳಿಗೆ ಒಂದು ಶಾಪ ಇದೆ: ಬಂದವರಿಗೆಲ್ಲ ವೇರೂಳು, ಅಂದರೆ ಎಲ್ಲೋರಾ, ತೋರಿಸಬೇಕು. ಮಾವ ಆ ಗುಹೆಗಳಿಗೆ ಎಷ್ಟು ಸಲ ಹೋಗಿದ್ದರೆಂದರೆ, ಅವನ್ನು ಕಡೆದವರೂ ಅಷ್ಟು ಸಲ ಹೋಗಿರಲಿಕ್ಕಿಲ್ಲ. ನೆಂಟರನ್ನು ಒಳಗೆ ಬಿಟ್ಟು, ತಾವು ಹೊರಗೆ ಬೇವಿನ ಮರದ ಕೆಳಗೆ ಪೇಪರು ಓದುತ್ತ ಕೂಡುತ್ತಿದ್ದರು. ಆ ಭಾನುವಾರವೂ ಹೊರಟರು. ಗುಹೆ, ಆಮೇಲೆ ಘೃಷ್ಣೇಶ್ವರನ ಗುಡಿ. ಬರುವುದು ಮಧ್ಯಾಹ್ನ ಇಳಿದ ಮೇಲೆ.

ಅವರು ಮೆಟ್ಟಿಲು ಇಳಿದದ್ದೇ ಅತ್ತಿ ಸೆರಗು ಸೊಂಟಕ್ಕೆ ಸಿಗಿಸಿದಳು. ಹಟಕ್ಕೆ ಬಿದ್ದು, ನಿಂತುಕೊಂಡೇ, ಹದಿನಾಲ್ಕನೇ ಅಧ್ಯಾಯವನ್ನು ಒಂದೇ ಏಟಿಗೆ ಬರೆದು ಮುಗಿಸಿದಳು. ಹಾಳೆ ನನ್ನ ಕೈಗೆ ತುರುಕಿ, "ಅವರ ದನ್ಯಾಗೇ ಓದು. ನಾ ಅಳಂಗಿಲ್ಲ," ಅಂದಳು.

ನಾನು ಮಂಚದ ಮೇಲೆ ಉದ್ದಕ್ಕೆ ಮಲಗಿ ಎದೆಯ ತನಕ ಕೌದಿ ಹೊದ್ದುಕೊಂಡೆ. ನಟನೆಯಲ್ಲಿ ನಾನು ಯಾವತ್ತೂ ಅರ್ಧ ಕೆಲಸ ಮಾಡಿದವನಲ್ಲ. ಅಡುಗೆಮನೆಯಲ್ಲಿ ನೆಂಟರ ಊಟಕ್ಕೆ ಬೇಳೆ ಕುದಿಯುತ್ತಿತ್ತು. ಹಗ್ಗದ ಮೇಲೆ ಅಧ್ಯಾಯಗಳು ಫ್ಯಾನಿನ ಗಾಳಿಗೆ ತೂಗುತ್ತಿದ್ದವು. ಮೂಗಿನಿಂದ ಉಸಿರು ಎಳೆದು ಸುರು ಮಾಡಿದೆ.

"ಮಗೂ... ನಾನು ಕುರುಡನಾಗಿದ್ದೆ. ನಿನ್ನ ಕನಸುಗಳನ್ನೆಲ್ಲ ಈ ಕೀಲಿಯಲ್ಲಿ ಬಂಧಿಸಿಟ್ಟಿದ್ದೆ. ನನ್ನನ್ನು ಕ್ಷಮಿಸು. ತಗೋ ಈ ಕೀಲಿ. ಇದು ಬರೀ ಅಂಗಡಿಯ ಕೀಲಿಯಲ್ಲ..."

"ಯಾರು ಸತ್ತಾರ?"

ಬಾಗಿಲಲ್ಲಿ ಮಾವ. ನೆಂಟರಿಗೆ ಮೊದಲ ಗುಹೆಯಲ್ಲೇ ಕಾಲು ನೋವು ಬಂದು, ದೇವರಿಗೆ ಕೈ ಮುಗಿದು ಬೇಗ ವಾಪಸಾಗಿದ್ದರು. ಅವರು ಕೆಳಗೆ ಮೋಸಂಬಿ ಆರಿಸುತ್ತ ನಿಂತಿದ್ದರೆ, ಮಾವ ಮುಂದೆ ಬಂದಿದ್ದರು. ಬಂದು, ತಮ್ಮದೇ ದನಿ ಒಳಕೋಣೆಯಲ್ಲಿ ಸಾಯುತ್ತಿರುವುದನ್ನು ಕೇಳಿದ್ದರು. ಮನೆಯೊಳಗೆ ಅವರು ಬೂಟು ಹಾಕಿಕೊಂಡು ಬಂದದ್ದನ್ನು ನಾನು ಅವತ್ತೊಂದೇ ಸಲ ನೋಡಿದ್ದು.

ಗಾಬರಿಗೆ ನನ್ನ ಬಾಯಿ ದನಿ ಬದಲಿಸುವುದನ್ನು ಮರೆಯಿತು. ಮಾವನ ದನಿಯಲ್ಲೇ ಮಾವನಿಗೆ ಉತ್ತರ ಕೊಟ್ಟೆ: "ನೀವ ರಿ."

ಅವರು ಕುರ್ಚಿ ಎಳೆದು ಕೂತರು. ಅತ್ತಿಯನ್ನು ನೋಡಿದರು, ಕೌದಿ ಹೊದ್ದ ನನ್ನನ್ನು ನೋಡಿದರು. ಕೈ ಎತ್ತಬೇಕಾಗಿಯೂ ಇರಲಿಲ್ಲ, ಹದಿನಾಲ್ಕನೇ ಚೀಟಿ ಕಣ್ಣ ಮುಂದೆಯೇ ತೂಗುತ್ತಿತ್ತು. ಓದಿದರು.

"ಛಾದಾಗಿನ ಸಕ್ರಿ ಇದಕ್ಕ ಬಂದಾಗಿತ್ತೇನ?"

ಅತ್ತಿಗೆ ನಗು ಅಳು ಕೂಡಿ ಬಂತು. "ಏನ್ ಮಾಡ್ಲಿ ರೀ. ದಿನಾ ನಿಮ್ಮ ದನ್ಯಾಗ ಕೇಳಿ ಕೇಳಿ ಆ ಮುದುಕ ನೀವೇ ಆಗಿ ಕೂತಾನ. ಕೊಂದ್ರ ಕಾದಂಬರಿ ಮುಗೀತದ. ಕೊಲ್ಲಲಿಕ್ಕೆ ಅಂಜಿಕಿ ಬರ್ತದ."

"ನಿನಗ ಅಂಜಿಕಿ! ನಾ ವಿಮಾದ ಕಾಗದ ಸುದ್ದಾ ತಗದು ನೋಡಿಟ್ಟೀನಿ." ಆಮೇಲೆ ನನ್ನ ಕಡೆ ತಿರುಗಿದರು. ಬೈಗುಳ ಬಂತು ಅಂತ ಕೌದಿ ಮೂಗಿನ ತನಕ ಎಳೆದುಕೊಂಡೆ. ಅವರು ಅಂದದ್ದು ಬೇರೆಯೇ. "ಮತ್ತೊಮ್ಮೆ ಓದು, ಸಾಯೂದು."

ಓದಿದೆ. ಈ ಸಲ ನನಗೇ ಒಂಥರಾ ಆಯಿತು.

"ಇಲ್ಲ," ಅಂದರು ಮಾವ. "ನಾ ಹಿಂಗ 'ಬಂಧಿಸಿಟ್ಟಿದ್ದೆ' ಅಂತ ಅನ್ನವನೇನ? ಬದುಕಿದ್ದಾಗ ಇಷ್ಟು ಮಾತಾಡಿಲ್ಲ, ಸಾಯೂಮುಂದ ಎಲ್ಲಿಂದ ಬರಬೇಕು? ಮತ್ತ ಆ ಕೀಲಿ ಕೈಯಾಗ ಕೊಡೂದು, ಆಕಿ ಅಳೂದು, ಛೇ. ಮದುವಿ ಫೋಟೋ ತಗಸ್ಕೊಂಡಂಗ ಆಗ್ತದ."

"ಹಂಗಾರ ನೀವು ಹ್ಯಾಂಗ ಕೊಡ್ತೀರಿ?" ಅಂದಳು ಅತ್ತಿ. ಅವಳ ಕೈಯಲ್ಲಿ ಅದ್ಯಾವಾಗ ಪೆನ್ನು ಬಂದಿತ್ತೋ.

ಮಾವ ಬೂಟಿನ ದಾರ ಸಡಿಲಿಸತೊಡಗಿದರು. "ಕೊಡಂಗಿಲ್ಲ. ಆ ಕೀಲಿ ಮ್ಯಾಲ ಮೊಳಿಗಿ ಇರ್ತದಲ್ಲ, ಆಕೀಗಿ ಎಟಕಂಗಿಲ್ಲಲ್ಲ. ಹಿಂದಿನ ದಿನ ಯಾರೂ ಇರಲಾರದಾಗ ಒಂದು ಮೊಳಿ ತಂದು, ಆಕೀಗಿ ಎಟಕೂವಷ್ಟು ಕೆಳಗ ಬಡೀತೀನಿ. ಬಡದು, ಕೀಲಿ ಅಲ್ಲಿ ಹಾಕಿ, ಹೋಗಿ ಮಲಗ್ತೀನಿ. ಮಾತು ಯಾಕ ಬೇಕು ಅದಕ್ಕ?"

ಅತ್ತಿ ಒಮ್ಮೆ ಹಗ್ಗ ಕಟ್ಟಿದ ಮೊಳೆ ನೋಡಿದಳು. ಒಮ್ಮೆ ಮಾವನ ಬೋಳು ತಲೆ ನೋಡಿದಳು. ಊರು ಬದಲಿಸಿದಾಗೆಲ್ಲ, ಹೊಸ ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಸುತ್ತಿಗೆ ಹಿಡಿದು ಆ ಹಗ್ಗದ ಮೊಳೆ ಬಡಿಯುತ್ತಿದ್ದವರು ಯಾರು ಅಂತ ನನಗೆ ಆಗ ನೆನಪಾಯಿತು.

ಅತ್ತಿ ಮೆಲ್ಲಗೆ ಕೇಳಿದಳು. "ರಾತ್ರಿ ಮಲಗೂಮುಂದ ಆಕಿ ಬಂದು ಕೇಳ್ತಾಳ ಅಂತ ತಿಳೀರಿ. ಅಜ್ಜಾ, ನಾಳೆ ಅಂಗಡಿ ತಗೀಲಿಕ್ಕೆ ಬರ್ತೀಯಿಲ್ಲ, ಅಂತ. ಅಂವ ಏನಂತಾನ?"

ಮಾವ ಉಸಿರು ಒಳಗೆ ಎಳೆದರು. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು.

"ನೋಡೋಣು, ಅಂತಾನ."

ಅತ್ತಿ ಅಲ್ಲೇ ನೆಲಕ್ಕೆ ಕೂತು ಬರೆಯತೊಡಗಿದಳು. ನಾನು ಕೌದಿಯೊಳಗಿಂದ ಏಳುವ ಧೈರ್ಯ ಮಾಡಲಿಲ್ಲ, ಸತ್ತವರು ಹಾಗೆಲ್ಲ ನಡುವೆ ಏಳಬಾರದು. ಕುಕ್ಕರ್ ಸೀಟಿ ಹೊಡೆಯಿತು. ಅತ್ತಿ ಏಳಲಿಲ್ಲ. ಮತ್ತೆ ಹೊಡೆಯಿತು. ನಾನು ಕಂಡಂತೆ ಮೊದಲ ಸಲ ಅವಳು ವಾಕ್ಯ ಮುಗಿಸುವ ತನಕ ಕೂತಳು, ಅದರ ಮುಂದಿನದಕ್ಕೂ ಕೂತಳು. ಮಾವ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಹಗ್ಗದ ಕೆಳಗೆ ಬಗ್ಗಿ, ಅಡುಗೆಮನೆಗೆ ಹೋಗಿ ಗ್ಯಾಸು ಆರಿಸಿದರು.

ಮೋಸಂಬಿ ಚೀಲದೊಂದಿಗೆ ನೆಂಟರು ಮೆಟ್ಟಿಲು ಹತ್ತುವ ಗದ್ದಲ ಕೇಳಿಸಿತು. ಮಾವ ಬಾಗಿಲಿಗೆ ಓಡಿ ಬಾಯಿ ಮೇಲೆ ಬೆರಳಿಟ್ಟರು.

"ಸಾವಕಾಶ ಬರ್ರಿ. ಒಳಗ ಒಬ್ಬರು ಭಾಳ ಸೀರಿಯಸ್ ಅದಾರ."

"ಅಯ್ಯ ಶಿವನೇ, ಯಾರ್ರೀ?"

"ನಮ್ಮವರೇ. ಇನ್ನೇನು ಮುಗೀಲಿಕ್ಕೆ ಬಂದದ."

ನೆಂಟರು ತುದಿಗಾಲಲ್ಲಿ ಬಂದು ಹೊರಕೋಣೆಯಲ್ಲಿ ಕೂತು, ಕೌದಿಯೊಳಗಿನ ನನ್ನ ಕಾಲುಗಳನ್ನು ದೂರದಿಂದ ನೋಡಿ ಲೊಚಗುಟ್ಟಿದರು. ಒಬ್ಬರು ಮೋಸಂಬಿ ಹಣ್ಣು ನನ್ನ ತಲೆದಿಂಬಿನ ಪಕ್ಕ ಇಟ್ಟು ಹೋದರು. ಅತ್ತಿ ಬರೆಯುತ್ತಲೇ ಇದ್ದಳು. ಈ ಸಲ ಅಳುತ್ತಿದ್ದಳು, ಆದರೆ ಕೈ ನಿಲ್ಲುತ್ತಿರಲಿಲ್ಲ. ಹೊರಗೆ ಮಾವ ಎಲ್ಲರಿಗೂ ತಾವೇ ಚಹಾ ಮಾಡಿ ಕೊಟ್ಟರು. ತಮ್ಮ ಕಪ್ಪಿಗೆ ಸಕ್ಕರೆ ಹಾಕಿಕೊಳ್ಳುವಾಗ ಚಮಚದ ಸದ್ದು ಬೇಕೆಂದೇ ಜೋರಾಗಿ ಮಾಡಿದ ಹಾಗೆ ನನಗೆ ಕೇಳಿಸಿತು.

ಮುಂದಿನ ಅಧ್ಯಾಯಗಳು ನಾನು ಅಂದ ಹಾಗೆ ನೀರಿನಂತೆ ಹರಿಯಲಿಲ್ಲ. ಹುಡುಗಿ ಅಂಗಡಿ ನಡೆಸುವಾಗ ಎಡವಿದಳು, ಅತ್ತಿಯೂ ಎಡವಿದಳು, ನನ್ನ ಗಣಿತದ ಬಾಯಿಯ ದನಿ ಒಡೆದು ಹೋಯಿತು. ಆದರೂ ಆರ್ಡರಿನ ಲಕೋಟೆ ಮನೆಗೆ ಬಂದ ದಿನ, ಬರೆದಾದವನ್ನೆಲ್ಲ ಇಳಿಸಿದ್ದ ಹಗ್ಗದ ಮೇಲೆ ಒಂದೇ ಒಂದು ಚೀಟಿ ಉಳಿದಿತ್ತು. ಮಾವ ಲಕೋಟೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಎರಡು ದಿನ ಓಡಾಡಿದರು. ಮೂರನೇ ದಿನ ಸಂಜೆ ಒಳಕೋಣೆಗೆ ಬಂದವರ ತಲೆಗೆ ಏನೂ ತಾಗಲಿಲ್ಲ. ನಿಂತು ನೋಡಿದರು. ಬರೀ ನೀಲಿ ಹಗ್ಗ.

"ಒಣಗ್ತು?" ಅಂದರು.

"ಒಣಗ್ತು," ಅಂದಳು ಅತ್ತಿ.

ಆಗ ಲಕೋಟೆ ತೆಗೆದು ಕೊಟ್ಟರು.

ಈಗ ಅವರು ನಾಂದೇಡದಲ್ಲಿದ್ದಾರೆ. ನಾನು ನಾಸಿಕಕ್ಕೆ ಮರಳಿ ಅಪ್ಪನ ಅಂಗಡಿಯಲ್ಲಿ ಬಟ್ಟೆ ಮಡಚುತ್ತೇನೆ. ನಾನೂ ಒಂದು ಕಾದಂಬರಿ ಬರೆಯುವ ಹುಮ್ಮಸ್ಸಿನಲ್ಲಿ ಹಗ್ಗ ಕಟ್ಟಿದ್ದೇನೆ, ಬಣ್ಣಬಣ್ಣದ ಕ್ಲಿಪ್ಪು ತಂದಿದ್ದೇನೆ, ಪುಸ್ತಕದ ಹಿಂಬದಿಗೆ ಹಾಕುವ ಫೋಟೋಕ್ಕೆ ಮುಖ ಹೇಗಿಡಬೇಕು ಅನ್ನುವುದನ್ನೂ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೇನೆ. ಬರೆಯುವುದೊಂದು ಬಾಕಿ. ಸೋಲಾಪುರಕ್ಕೆ ಕಳಿಸದ ಹಾಗೆ ಒಬ್ಬನನ್ನಾದರೂ ನನ್ನ ದನಿಯಲ್ಲಿ ಮಾತಾಡಿಸಬೇಕು ಅಂತ ಆಸೆ.

ಅತ್ತಿಯ ಪುಸ್ತಕ ಅಚ್ಚಾಗಿ ಬಂದ ವಾರ ನಾಂದೇಡಕ್ಕೆ ಹೋಗಿದ್ದೆ. ಹೊಸ ಮನೆಯಲ್ಲಿ ಹೊಸ ಹಗ್ಗ ಅದೇ ಎತ್ತರಕ್ಕೆ ಇತ್ತು, ಹೊಸ ಚೀಟಿಗಳು ಮಾವನ ತಲೆ ಸವರುತ್ತಿದ್ದವು. ಮಾವ ಪುಸ್ತಕ ಹಿಡಿದು ಕೂತಿದ್ದರು. ಜೀವಮಾನದಲ್ಲಿ ಅವರು ಓದಿದ ಮೊದಲ ಕಾದಂಬರಿ. ನಡುವೆ ಎಲ್ಲೋ ಬಸ್ ಟಿಕೀಟು ಗುರುತಿಗೆ ಸಿಗಿಸಿ ಮುಚ್ಚಿಟ್ಟರು. ಅವರು ಊಟಕ್ಕೆ ಎದ್ದಾಗ ತೆಗೆದು ನೋಡಿದೆ. ಹದಿನಾಲ್ಕನೇ ಅಧ್ಯಾಯದ ಕೊನೆಯ ಪುಟ. ಮರುದಿನವೂ ಟಿಕೀಟು ಅಲ್ಲೇ ಇತ್ತು, ಅದರ ಮರುದಿನವೂ.

"ಮುಂದ ಓದಲಿಲ್ಲೇನ್ರಿ ಮಾವಾ?"

"ಓದಿ ಏನ್ ಮಾಡ್ಲಿ?" ಅಂದರು, ಎಣ್ಣೆಗಾಯಿ ತಾಟಿಗೆ ಹಾಕಿಸಿಕೊಳ್ಳುತ್ತ. "ಅಂವ ಹೋದ ಮ್ಯಾಲ ಅದರಾಗ ಏನದ?"

ಅತ್ತಿ ಅವರ ತಾಟಿಗೆ ಇನ್ನೊಂದು ಬದನೆಕಾಯಿ ಹಾಕಿದಳು.